ಟ್ರಾವೆಲ್ ಟ್ರೇಲರ್ ತಗೊಳ್ತಿದೀರಾ? ಗಟ್ಟಿ ಇದ್ಯೋ ಇಲ್ವೋ ಅಂತ ಹಂತ ಹಂತವಾಗಿ ನೋಡೋದು ಹೇಗೆ

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್, ಅಂದ್ರೆ ಕಾರಿನ ಹಿಂದೆ ಎಳ್ಕೊಂಡು ಹೋಗೋ ಮನೆಯಂಥ ಗಾಡಿ, ತಗೊಂಡಿರೋ ನಮ್ಮವರನ್ನ ಮಾತಾಡ್ಸಿದ್ರೆ ಕಥೆ ಹೆಚ್ಚುಕಮ್ಮಿ ಒಂದೇ ಇರತ್ತೆ. ಡೀಲರ್ ಹತ್ರ ಹೋದ್ವಿ, ಎಸಿ ಹಾಕಿ ತಣ್ಣಗೆ ಇಟ್ಟಿದ್ರು, ಸೋಫಾ ಚೆನ್ನಾಗಿತ್ತು, ಮಕ್ಕಳು ಬಂಕ್ ಬೆಡ್ ಹತ್ತಿದೋರು ಇಳೀಲೇ ಇಲ್ಲ, ಸಹಿ ಹಾಕಿ ಬಂದ್ವಿ, ಒಂದು ಚಳಿಗಾಲ ಕಳೆಯೋಷ್ಟ್ರಲ್ಲಿ ಮೂಲೆ ಗೋಡೆ ಮೆತ್ತಗಾಯ್ತು. ಎಲ್ರೂ ಎಡವೋದು ಒಂದೇ ಕಡೆ, ನೋಡೋ ಆರ್ಡರ್ ತಪ್ಪಾಗಿರತ್ತೆ. ಬಾಗಿಲಿಂದ ಒಳಗೆ ಹೋಗಿ ಶುರು ಮಾಡ್ತಾರೆ, ಆದ್ರೆ ಟ್ರೇಲರ್ ಹಾಳಾಗೋದು ಮೇಲಿಂದ ಮತ್ತೆ ಕೆಳಗಿಂದ.

ಹಾಗಾಗಿ ಇಲ್ಲಿ ಹೇಳಿರೋ ಆರ್ಡರ್‌ನಲ್ಲೇ ನೋಡಿ: ಮೊದ್ಲು ಲೇಬಲ್ಲು, ಆಮೇಲೆ ತಳ, ಚಕ್ರ, ಹೊರಗಿನ ಗೋಡೆ, ರೂಫು, ಇಷ್ಟಾದ್ಮೇಲೇ ಒಳಗೆ ಕಾಲಿಡೋದು. ಅರ್ಧ ದಿನ ಬೇಕು. ಸೇಲ್ಸ್‌ಮನ್ ಅವಸರ ಮಾಡಿದ್ರೆ ಮಾಡ್ಲಿ ಬಿಡಿ.

ಇನ್ನೊಂದು ವಿಷ್ಯ, ಬ್ರ್ಯಾಂಡ್ ಹೆಸರು ಕೇಳಿ ಸಮಾಧಾನ ಪಟ್ಕೋಬೇಡಿ. ಇಲ್ಲಿ ಮಾರೋ ಆರ್‌ವಿಗಳಲ್ಲಿ (ಟ್ರೇಲರ್ ಸೇರಿ ಒಳಗೇ ಉಳ್ಕೊಳ್ಳೋ ಥರದ ಗಾಡಿಗಳು) ಬಹುಪಾಲು ತಯಾರಾಗೋದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ಜೇಕೋ, ಕೀಸ್ಟೋನ್, ಏರ್‌ಸ್ಟ್ರೀಮ್ ಮೂರೂ ಥೋರ್ ಕಂಪನಿ ಕೈಲಿವೆ, ಗ್ರ್ಯಾಂಡ್ ಡಿಸೈನ್ ವಿನ್ನಿಬೇಗೋ ಕೈಲಿದೆ, ಫಾರೆಸ್ಟ್ ರಿವರ್ ಬರ್ಕ್‌ಷೈರ್ ಹ್ಯಾಥವೇದು. ಚಾಸಿ ಬಹಳಷ್ಟಕ್ಕೆ ಲಿಪ್ಪರ್ಟ್‌ನದೇ, ಆಕ್ಸಲ್ ಡೆಕ್ಸ್‌ಟರ್ ಇಲ್ಲಾ ಲಿಪ್ಪರ್ಟ್. ಬಹಳ ಫ್ಯಾಕ್ಟರಿಗಳಲ್ಲಿ ಪೀಸ್ ರೇಟ್ ಲೆಕ್ಕದಲ್ಲಿ ಕೂಲಿ, ಅಂದ್ರೆ ಬೇಗ ಮುಗಿಸಿದೋರು ಬೇಗ ಮನೆಗೆ ಹೋಗ್ತಾರೆ, ಅದಕ್ಕೇ ಒಂದೇ ಮಾಡೆಲ್‌ನ ಎರಡು ಟ್ರೇಲರ್ ಅಕ್ಕಪಕ್ಕ ನಿಂತಿದ್ರೂ ಒಂದು ಅಚ್ಚುಕಟ್ಟಾಗಿ ಇನ್ನೊಂದು ಕಚ್ಚಾಪಚ್ಚಾ ಇರಬಹುದು. 2021ರಲ್ಲಿ ಕೋವಿಡ್ ಡಿಮ್ಯಾಂಡ್‌ಗೆ ಫ್ಯಾಕ್ಟರಿಗಳಿಂದ 6 ಲಕ್ಷ ಆರ್‌ವಿ ಹೊರಗೆ ಬಂದ್ವು, ಅದು ದಾಖಲೆ. ಆ ವರ್ಷದ ಆಸುಪಾಸಿನ ಸೆಕೆಂಡ್ ಹ್ಯಾಂಡ್ ನೋಡ್ತಿದ್ರೆ ಇನ್ನೂ ಹುಷಾರಾಗಿ ನೋಡಿ. ನೀವು ಪರೀಕ್ಷೆ ಮಾಡ್ಬೇಕಿರೋದು ನಿಮ್ಮ ಎದುರಿಗೆ ನಿಂತಿರೋ ಆ ಒಂದು ಟ್ರೇಲರನ್ನ, ಬ್ರೋಷರನ್ನಲ್ಲ.

## ಏನೇನು ಸಾಮಾನು ತಗೊಂಡು ಹೋಗ್ಬೇಕು

ಒಳ್ಳೆ ಟಾರ್ಚು, ಮಂಡಿ ಊರೋಕೆ ಹಳೇ ಮ್ಯಾಟು, ಮಡಚೋ ಏಣಿ, ಟೇಪು, ಸಣ್ಣ ಕನ್ನಡಿ, ಸ್ಕ್ರೂಡ್ರೈವರ್, ಸ್ಪ್ರೇ ಬಾಟಲ್‌ನಲ್ಲಿ ಸೋಪ್ ನೀರು, ಪ್ಲಗ್‌ಗೆ ಹಾಕೋ ಮೂರು ಲೈಟಿನ ಔಟ್‌ಲೆಟ್ ಟೆಸ್ಟರ್, ಮಲ್ಟಿಮೀಟರ್, ಇನ್ಫ್ರಾರೆಡ್ ಥರ್ಮಾಮೀಟರ್. ಇದೆಲ್ಲಕ್ಕಿಂತ ಮುಖ್ಯ ಮಾಯಿಶ್ಚರ್ ಮೀಟರ್. ಸೂಜಿ ಇಲ್ದೆ ಮೇಲಿಟ್ರೆ ಓದೋ ಥರದ್ದು ತಗೊಳ್ಳಿ, ಯಾಕಂದ್ರೆ ಬೇರೆಯವರ ಗೋಡೆಗೆ ತೂತು ಮಾಡೋಕೆ ಯಾರೂ ಬಿಡಲ್ಲ.

ಮಳೆ ಬಂದು ನಿಂತ ಮಾರನೇ ದಿನ ಹೋದ್ರೆ ಇನ್ನೂ ಒಳ್ಳೇದು.

## 1. ಲೇಬಲ್ಲು ಮತ್ತೆ ತೂಕ

ಬಾಗಿಲ ಹತ್ರ ಹಳದಿ ಸ್ಟಿಕರ್ ಇರತ್ತೆ, ಕಾರ್ಗೋ ತೂಕ ಇಷ್ಟು ಪೌಂಡ್ ಮೀರಬಾರದು ಅಂತ. ಫ್ಯಾಕ್ಟರಿ ಬಿಟ್ಟಾಗಿನ ಲೆಕ್ಕ ಅದು. ನೀವು ತುಂಬೋ ನೀರೂ ಅದರೊಳಗೇ ಬರತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಗ್ಯಾಲನ್ ನೀರು 8.3 ಪೌಂಡು, ಹಾಗಾಗಿ 40 ಗ್ಯಾಲನ್ ಟ್ಯಾಂಕ್ ತುಂಬಿಸಿದ್ರೆ 332 ಪೌಂಡ್ ಹೋಯ್ತು. ಸ್ಟಿಕರ್‌ನಲ್ಲಿ 900 ಪೌಂಡ್ ಅಂತಿದ್ರೆ ನಾಲ್ಕು ಜನರ ಹಾಸಿಗೆ ಬಟ್ಟೆ, ಪಾತ್ರೆ ಪಗಡೆ, ಅಕ್ಕಿ ಬೇಳೆ, ಬ್ಯಾಟರಿ, ಚೇರುಗಳು ಎಲ್ಲಾ ಉಳಿದಿದ್ರಲ್ಲೇ ಆಗ್ಬೇಕು.

ಬಿಲ್ಡ್ ಕ್ವಾಲಿಟಿಗೂ ಇದಕ್ಕೂ ಏನು ಸಂಬಂಧ ಅಂದ್ರೆ, ಕಾರ್ಗೋ ಕಮ್ಮಿ ಇರೋ ದೊಡ್ಡ ಟ್ರೇಲರ್ ಅಂದ್ರೆ ಆಕ್ಸಲ್ಲು ಟೈರು ಆಗ್ಲೇ ಮಿತಿ ಹತ್ರ ಇದೆ ಅಂತ. 7,600 ಪೌಂಡ್ ಜಿವಿಡಬ್ಲ್ಯುಆರ್ (ಸಾಮಾನು ಸೇರಿ ಮೀರಬಾರದ ಒಟ್ಟು ತೂಕ) ಇರೋ ಟ್ರೇಲರ್‌ಗೆ 3,500 ಪೌಂಡಿನ ಎರಡು ಆಕ್ಸಲ್ ಹಾಕಿರ್ತಾರೆ. ಒಟ್ಟು 7,000 ಆಯ್ತಲ್ಲ, ಮಿಕ್ಕಿದ್ದು ಹಿಚ್ ಮೇಲೆ, ಅಂದ್ರೆ ಎಳೆಯೋ ಗಾಡಿಗೆ ಸಿಕ್ಕಿಸೋ ಕೊಂಡಿ ಮೇಲೆ, ಕೂತ್ಕೊಳತ್ತೆ ಅನ್ನೋ ಲೆಕ್ಕ. ಕಾನೂನು ಪ್ರಕಾರ ಸರಿ, ಆದ್ರೆ ಮಾರ್ಜಿನ್ ಅನ್ನೋದು ಹತ್ರ ಹತ್ರ ಸೊನ್ನೆ. ಇಂಥ ಕಡೆ ಕಾಸು ಉಳಿಸಿರೋರು ಕಾಣದಿರೋ ಕಡೆ ಇನ್ನೆಷ್ಟು ಉಳಿಸಿರ್ತಾರೆ ಅಂತ ನೀವೇ ಯೋಚ್ನೆ ಮಾಡಿ.

ಸಿಯೆನ್ನಾ ಅಥವಾ ಒಡಿಸ್ಸಿ ಥರದ ಮಿನಿವ್ಯಾನ್ ಇಟ್ಕೊಂಡು ಎಳೀತೀನಿ ಅನ್ನೋರು, ನಿಮ್ಮ ಮಿತಿ ಹೆಚ್ಚೆಂದ್ರೆ 3,500 ಪೌಂಡು, ಮತ್ತೆ ಹಿಚ್ ತೂಕ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಇರತ್ತೆ. ಬ್ರೋಷರ್‌ನಲ್ಲಿ ಹಾಕಿರೋ ಹಿಚ್ ತೂಕ ಖಾಲಿ ಟ್ರೇಲರ್‌ದು, ಅದನ್ನ ನಂಬಬೇಡಿ.

ಬಾಗಿಲ ಹತ್ರ ಆರ್‌ವಿಐಎ (ಆರ್‌ವಿ ತಯಾರಕರ ಸಂಘ) ಸೀಲ್ ಕೂಡ ಇರತ್ತೆ. ಸೇಲ್ಸ್‌ನವರು ಅದನ್ನ ಕ್ವಾಲಿಟಿ ಸರ್ಟಿಫಿಕೇಟ್ ಥರ ತೋರಿಸ್ತಾರೆ. ಅದು ವೈರಿಂಗು, ಪ್ಲಂಬಿಂಗು, ಪ್ರೊಪೇನು, ಬೆಂಕಿ ಸುರಕ್ಷತೆಯ ಸ್ಟ್ಯಾಂಡರ್ಡ್ ಪ್ರಕಾರ ಮಾಡಿದೀವಿ ಅಂತ ತಯಾರಕರು ಹೇಳೋ ಗುರುತು ಅಷ್ಟೆ. ಸೋರಲ್ಲ, ಗೋಡೆ ಉಬ್ಬಲ್ಲ ಅಂತ ಅದು ಎಲ್ಲೂ ಹೇಳಲ್ಲ.

ಹೊರಡೋ ಮುಂಚೆನೇ 17 ಅಕ್ಷರದ ವಿನ್ ನಂಬರ್ (ಗಾಡಿಯ ಗುರುತಿನ ನಂಬರ್) ಕೇಳಿ ತಗೊಂಡು ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ ಸೈಟ್‌ನಲ್ಲಿ ರಿಕಾಲ್ ಇದ್ಯಾ ನೋಡಿ. ನಂಬರ್ ಕೊಡೋಕೇ ಹಿಂದೆಮುಂದೆ ನೋಡೋ ಡೀಲರ್ ಹತ್ರ ಹೋಗೋ ಪೆಟ್ರೋಲ್ ದುಡ್ಡೂ ದಂಡ.

## 2. ಗೋಡೆ ಯಾವ ಥರದ್ದು ಅಂತ ತಿಳ್ಕೊಳ್ಳಿ

ಯಾವ ಕಡೆ ಏನು ಹುಡುಕ್ಬೇಕು ಅನ್ನೋದು ಇದರ ಮೇಲೆ ನಿಂತಿರತ್ತೆ. ಮೂರು ಜಾತಿ ಇದೆ.

ಮರದ ಚೌಕಟ್ಟು, ಮೇಲೆ ಗೆರೆಗೆರೆ ಅಲ್ಯುಮಿನಿಯಂ ತಗಡು, ಮಧ್ಯ ಫೈಬರ್‌ಗ್ಲಾಸ್ ಉಣ್ಣೆ. ಇದನ್ನ ಸ್ಟಿಕ್ ಅಂಡ್ ಟಿನ್ ಅಂತಾರೆ. ಅಗ್ಗ, ರಿಪೇರಿ ಸುಲಭ, ಒಂದು ತಗಡು ಬಿಚ್ಚಿ ಬೇರೆ ಹಾಕಬಹುದು. ತೊಂದ್ರೆ ಏನಂದ್ರೆ ಒಳಗೆ ಮರ ಕೊಳೆತಿದ್ರೂ ತಗಡು ಫಳಫಳ ಅಂತಾನೇ ಇರತ್ತೆ, ಹೊರಗೆ ಗೊತ್ತೇ ಆಗಲ್ಲ.

ಎರಡನೇದು ಲ್ಯಾಮಿನೇಟೆಡ್. ಅಲ್ಯುಮಿನಿಯಂ ಟ್ಯೂಬಿನ ಫ್ರೇಮು, ಫೋಮು, ಮೇಲೆ ತೆಳ್ಳನೆ ಲುವಾನ್ ಪ್ಲೈವುಡ್ಡು, ಅದರ ಮೇಲೆ ಫೈಬರ್‌ಗ್ಲಾಸ್ ಶೀಟು, ಎಲ್ಲಾ ಅಂಟು ಹಾಕಿ ಒತ್ತಿರ್ತಾರೆ. ನೋಡೋಕೆ ನುಣುಪು. ನೀರು ಒಳಗೆ ಹೋದ್ರೆ ಲುವಾನ್ ಬಿಟ್ಕೊಂಡು ಗೋಡೆ ಉಬ್ಬತ್ತೆ, ಅದನ್ನೇ ಡೀಲ್ಯಾಮಿನೇಶನ್ ಅನ್ನೋದು, ಸರಿ ಮಾಡ್ಸೋಕೆ ಸಾವಿರಾರು ಡಾಲರು. ಲುವಾನ್ ಬದಲು ಅಝ್‌ಡೆಲ್ ಅನ್ನೋ ಕಾಂಪೋಸಿಟ್ ಹಾಕಿದ್ರೆ ಆ ಪದರ ಕೊಳೆಯಲ್ಲ, ನಿಜ. ಆದ್ರೆ ಅಝ್‌ಡೆಲ್ ಇದೆ ಅಂದ ಕೂಡ್ಲೇ ನೀರಿನ ಭಯ ಇಲ್ಲ ಅಂತ ಹೇಳೋದು ಸುಳ್ಳು, ಫ್ಲೋರು ಮರದ್ದೇ ಇರತ್ತೆ, ರೂಫಿನ ಡೆಕ್ಕೂ ಸಾಮಾನ್ಯವಾಗಿ ಮರದ್ದೇ. ಮತ್ತೆ ಕೆಲವು ಮಾಡೆಲ್‌ನಲ್ಲಿ ಪಕ್ಕದ ಗೋಡೆಗೆ ಮಾತ್ರ ಅಝ್‌ಡೆಲ್ ಹಾಕಿ ಮುಂದೆ ಹಿಂದೆ ಬೇರೆ ಹಾಕಿರ್ತಾರೆ, ಅದನ್ನ ಕೇಳಿ.

ಮೂರನೇದು ಅಚ್ಚಲ್ಲಿ ಎರೆದ ಫೈಬರ್‌ಗ್ಲಾಸ್, ಟೆಕ್ಸಾಸ್‌ನ ಕಸೀಟಾ, ಮಿನೆಸೋಟಾದ ಸ್ಕ್ಯಾಂಪ್, ಟೆನೆಸಿಯ ಆಲಿವರ್ ಥರದ್ದು. ಜಾಯಿಂಟ್ ಕಮ್ಮಿ ಆದ್ರಿಂದ ಸೋರೋ ಜಾಗಾನೂ ಕಮ್ಮಿ. ಸಣ್ಣವು, ದುಬಾರಿ, ಹಳೇದಕ್ಕೂ ಬೆಲೆ ಇಳಿಯಲ್ಲ. ಏರ್‌ಸ್ಟ್ರೀಮ್ ಈ ಮೂರರಲ್ಲೂ ಬರಲ್ಲ, ಅದು ರಿವೆಟ್ ಹೊಡೆದ ಅಲ್ಯುಮಿನಿಯಂ, ಆದ್ರೆ ಹಳೇ ಏರ್‌ಸ್ಟ್ರೀಮ್ ತಗೊಳ್ಳೋ ಆಸೆ ಇದ್ರೆ ಹಿಂಬದಿ ಪ್ಲೈವುಡ್ ಫ್ಲೋರು ಕೊಳೆತಿದ್ಯಾ ಅಂತ ಮೊದ್ಲು ನೋಡಿ, ಅದರ ಹಳೇ ಖಾಯಿಲೆ ಅದು.

## 3. ಕೆಳಗೆ ಮಲ್ಕೊಂಡು ನೋಡೋದು

ಮ್ಯಾಟ್ ಹಾಸಿ ಮಲ್ಕೊಳ್ಳಿ, ನಾಚಿಕೆ ಬೇಡ. ಜಾಕ್ ಮೇಲೆ ಮಾತ್ರ ನಿಂತಿದ್ರೆ ಒಳಗೆ ತೂರಬೇಡಿ, ಚಕ್ರ ಉರುಳದ ಹಾಗೆ ಚಾಕ್ (ತಡೆ ಬೆಣೆ) ಇಟ್ಟಿದಾರಾ ನೋಡ್ಕೊಂಡು ಅಂಚಿಂದ ಟಾರ್ಚ್ ಬಿಡಿ ಸಾಕು.

ವೆಲ್ಡಿಂಗ್ ನೋಡಿ. ಮುಂದಿನ ತ್ರಿಕೋನದ ಫ್ರೇಮು ಉದ್ದದ ಬೀಮಿಗೆ ಸೇರೋ ಜಾಗ, ಸ್ಪ್ರಿಂಗ್ ಹ್ಯಾಂಗರ್ ಬೀಮಿಗೆ ಸೇರೋ ಜಾಗ, ಇವೆರಡೂ ಬಹಳ ಮುಖ್ಯ. ಒಂದೇ ಸಮ ಸಾಲಾಗಿ ಇರ್ಬೇಕು. ಪೇಂಟ್ ಮೇಲೆ ಕೂದಲೆಳೆ ಗೆರೆ, ಅದರಿಂದ ತುಕ್ಕು ಇಳಿದಿದ್ರೆ ಅಲ್ಲಿ ಕ್ರ್ಯಾಕ್ ಶುರುವಾಗಿದೆ. ಮೇಲ್ಮೇಲಿನ ಕಂದು ತುಕ್ಕಿಗೆ ಗಾಬರಿ ಬೇಡ, ಸ್ಕ್ರೂಡ್ರೈವರ್‌ನಲ್ಲಿ ಕೆರೆದ್ರೆ ಚಕ್ಕೆ ಚಕ್ಕೆ ಏಳೋ ತುಕ್ಕು ಬೇರೆ, ಅದಕ್ಕೆ ಗಾಬರಿ ಆಗ್ಬೇಕು. ಮಿಷಿಗನ್, ಓಹಾಯೋ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರಲ್ಲ, ಆ ಕಡೆಯ ಗಾಡಿಗಳಲ್ಲಿ ಇದು ಜಾಸ್ತಿ.

ತಳಕ್ಕೆ ಕಪ್ಪು ಪ್ಲಾಸ್ಟಿಕ್ ಶೀಟ್ ಮುಚ್ಚಿದ್ರೆ ಉದ್ದಕ್ಕೂ ಕೈ ಆಡಿಸಿ. ಎಲ್ಲಾದ್ರೂ ಹೊಟ್ಟೆ ಬಿಟ್ಟಿದ್ರೆ ಒಳಗೆ ನೀರು ನಿಂತಿರಬಹುದು ಇಲ್ಲಾ ಇನ್ಸುಲೇಷನ್ ನೆನೆದು ಬಿದ್ದಿರಬಹುದು. ಪೈಪು ವೈರು ಒಳಗೆ ಹೋಗೋ ತೂತುಗಳನ್ನ ಫೋಮಲ್ಲಿ ಮುಚ್ಚಿದಾರಾ ನೋಡಿ, ಮುಚ್ಚದೇ ಬಿಟ್ರೆ ಇಲಿಗೆ ಹೆಬ್ಬಾಗಿಲು. ವೈರುಗಳು ಜೋತಾಡ್ತಿದ್ರೆ, ಬ್ರೇಕ್ ವೈರಿನ ಜಾಯಿಂಟ್ ಬರೀ ಟೇಪ್ ಸುತ್ತಿ ಬಿಟ್ಟಿದ್ರೆ ಅದನ್ನ ಮಾಡಿದವರ ಮನಸ್ಸು ಎಂಥದ್ದು ಅಂತ ಅಲ್ಲೇ ಗೊತ್ತಾಗತ್ತೆ.

ಹಿಂದೆ ಇರೋ ಚೌಕ ಬಂಪರ್ ಬಹಳ ಟ್ರೇಲರ್‌ಗಳಲ್ಲಿ ತೆಳು ಪೆಟ್ಟಿಗೆ, ಕೊಳಚೆ ಪೈಪ್ ಇಡೋಕೆ ಮಾಡಿರೋದು. ಅದಕ್ಕೆ ನಾಲ್ಕು ಸೈಕಲ್ ನೇತಾಕಬಹುದು ಅಂದ್ರೆ ಬರವಣಿಗೇಲಿ ಕೇಳಿ.

## 4. ಟೈರು, ಸ್ಪ್ರಿಂಗು, ಆಕ್ಸಲ್ಲು

ಟೈರ್ ಪಕ್ಕದಲ್ಲಿ ಡಾಟ್ ನಂಬರಿನ ಕೊನೇ ನಾಲ್ಕು ಅಂಕಿ ನೋಡಿ. 2322 ಅಂತಿದ್ರೆ 2022ನೇ ಇಸವಿಯ 23ನೇ ವಾರದಲ್ಲಿ ಆಗಿದ್ದು. ಟ್ರೇಲರ್ ಟೈರ್ ಸವೆಯೋ ಮುಂಚೆ ವಯಸ್ಸಾಗಿ ಹೋಗತ್ತೆ, ಐದಾರು ವರ್ಷ ದಾಟಿದ್ರೆ ಟ್ರೆಡ್ ಎಷ್ಟೇ ಚೆನ್ನಾಗಿ ಕಾಣ್ಲಿ ಹೊಸದರ ದುಡ್ಡನ್ನ ಬೆಲೇಲಿ ಕಳೀರಿ. ಹೊಸ ಟ್ರೇಲರ್ ಆದ್ರೂ ನೋಡಿ, ಡೀಲರ್ ಯಾರ್ಡ್‌ನಲ್ಲಿ ಎರಡು ವರ್ಷ ಬಿಸಿಲಲ್ಲಿ ನಿಂತಿರೋವೂ ಇರ್ತವೆ.

ಎಸ್‌ಟಿ (ಟ್ರೇಲರ್‌ಗೇ ಮಾಡಿರೋ ಟೈರ್) 205/75ಆರ್14 ಲೋಡ್ ರೇಂಜ್, ಅಂದ್ರೆ ಭಾರ ಹೊರೋ ದರ್ಜೆ, ಸಿ ಇರೋ ಟೈರ್ ಒಂದೊಂದು 50 ಪಿಎಸ್‌ಐನಲ್ಲಿ 1,760 ಪೌಂಡ್ ಹೊರತ್ತೆ, ನಾಲ್ಕಕ್ಕೆ 7,040. ಇದನ್ನ ಒಂದನೇ ಹಂತದ ಆಕ್ಸಲ್ ಲೆಕ್ಕದ ಪಕ್ಕ ಇಟ್ಟು ನೋಡಿ. ಲೋಡ್ ರೇಂಜ್ ಡಿ ಅಥವಾ ಇ ಹಾಕಿದ್ರೆ ಯಾರೋ ಸ್ವಲ್ಪ ಯೋಚ್ನೆ ಮಾಡಿದಾರೆ ಅಂತರ್ಥ. ಬೇರೆ ಸ್ಪೀಡ್ ಗುರುತು ಇಲ್ದಿದ್ರೆ ಎಸ್‌ಟಿ ಟೈರ್‌ಗಳ ಮಿತಿ ಗಂಟೆಗೆ 65 ಮೈಲಿ.

ಒಂದು ಟೈರ್ ಮಾತ್ರ ಒಳಗಡೆ ಅಂಚಲ್ಲಿ ಸವೆದಿದ್ರೆ ಆಕ್ಸಲ್ ಬಗ್ಗಿದೆ ಇಲ್ಲಾ ಅಲೈನ್‌ಮೆಂಟ್ ಹೋಗಿದೆ. ಹೊಸ ಟೈರ್ ಹಾಕಿ ಈ ಸಾಕ್ಷಿ ಅಳಿಸ್ತಾರೆ, ಹಾಗಾಗಿ ಎಲ್ಲಾ ಟೈರ್ ಹೊಚ್ಚ ಹೊಸದಿದ್ರೆ ಹಳೇದು ಎಲ್ಲಿ ಅಂತ ಕೇಳಿ. ಸ್ಪ್ರಿಂಗ್ ಕೊಂಡಿಗಳಲ್ಲಿ ಪ್ಲಾಸ್ಟಿಕ್ ಬುಶ್ ಇರೋದು ಮಾಮೂಲಿ, ಕಂಚಿನ ಬುಶ್ಶು ಗ್ರೀಸ್ ಹೊಡೆಯೋ ಬೋಲ್ಟು ಇದ್ರೆ ಅದು ಪ್ಲಸ್.

## 5. ಹೊರಗಿನ ಗೋಡೆ

ಟ್ರೇಲರ್ ಮೂಲೇಲಿ ನಿಂತು ಕೆನ್ನೆ ಗೋಡೆಗೆ ತಾಗೋ ಹಾಗೆ ಇಟ್ಕೊಂಡು ಉದ್ದಕ್ಕೂ ನೋಡಿ. ಬೆಳಿಗ್ಗೆ ಅಥವಾ ಸಾಯಂಕಾಲದ ಓರೆ ಬಿಸಿಲಲ್ಲಿ ಚೆನ್ನಾಗಿ ಕಾಣತ್ತೆ, ಮಧ್ಯಾಹ್ನ ಹನ್ನೆರಡಕ್ಕೆ ಏನೂ ಕಾಣಲ್ಲ. ಗುಳ್ಳೆ, ಅಲೆ, ಉಬ್ಬು ಕಂಡ್ರೆ ಕೈಯಲ್ಲಿ ಒತ್ತಿ, ಒಳಗೆ ಹೊರಗೆ ಆಡಿದ್ರೆ ಅದು ಬಿಟ್ಕೊಂಡಿರೋ ಗೋಡೆ. ಅದು ಬಿಸಿಲಿಗೆ ಹಾಗೆ ಕಾಣೋದು ಸಾರ್ ಅಂತಾರೆ. ಬಿಸಿಲಿಗೆ ಆದ್ರೆ ಎರಡೂ ಪಕ್ಕ ಒಂದೇ ಥರ ಇರ್ಬೇಕಲ್ವಾ, ಕಿಟಕಿ ಕೆಳಗೆ ಮಾತ್ರ ಯಾಕೆ?

ಬಾಗಿಲಿನ ನಾಲ್ಕೂ ಕಡೆ ಸಂದು ಒಂದೇ ಸಮ ಇದ್ಯಾ ನೋಡಿ. ಮೇಲೆ ಅಗಲ ಕೆಳಗೆ ಕಿರಿದು ಅಂತಿದ್ರೆ ಫ್ರೇಮ್ ಜಗ್ಗಿರಬಹುದು. ಬಾಗಿಲ ಮೂಲೆ, ಸ್ಲೈಡ್ ಔಟ್ (ಗೋಡೆಯಿಂದ ಹೊರಗೆ ಸರಿಯೋ ಪೆಟ್ಟಿಗೆ) ಮೂಲೆಗಳಿಂದ ಓರೆಯಾಗಿ ಹೊರಟಿರೋ ಬಿರುಕು ಕೂಡ ಅದನ್ನೇ ಹೇಳೋದು.

ಮೂಲೆ ಪಟ್ಟಿಗಳ ಮೇಲಿನ ಪ್ಲಾಸ್ಟಿಕ್ ಟ್ರಿಮ್ ಸ್ವಲ್ಪ ಎತ್ತಿ ನೋಡೋಕೆ ಕೇಳಿ, ಸ್ಕ್ರೂ ತುಕ್ಕು ಹಿಡಿದಿದ್ರೆ ನೀರು ಅಲ್ಲಿಂದ ಇಳೀತಿದೆ. ಪಟ್ಟಿ ಹಿಂದೆ ಬ್ಯುಟೈಲ್ ಟೇಪ್ ಇರ್ಬೇಕು, ಚ್ಯೂಯಿಂಗ್ ಗಮ್ ಥರ ಎಳೆ ಬರತ್ತೆ. ಅಗ್ಗದ ಪುಟ್ಟಿ ಟೇಪ್ ಒಣಗಿ ಪುಡಿ ಆಗತ್ತೆ.

ರೂಫಿನ ಅಂಚಿನ ಗಟರ್ ತುದೀಲಿ ನೀರು ದೂರಕ್ಕೆ ಚೆಲ್ಲೋ ಮೂತಿ ಇದ್ಯಾ ಅಂತಾನೂ ನೋಡಿ. ಮೂತಿ ಗಿಡ್ಡ ಇದ್ರೆ ವರ್ಷಗಟ್ಟಲೆ ಗೋಡೆ ಮೇಲೇ ಇಳಿಯತ್ತೆ, ಕಪ್ಪು ಗೆರೆಗಳೇ ಸಾಕ್ಷಿ.

## 6. ರೂಫು, ಇಲ್ಲಿ ಟೈಮ್ ಕೊಡಿ

ಇಡೀ ಟ್ರೇಲರ್ ಸಾಯೋದು ಬದುಕೋದು ಇಲ್ಲೇ. ಆದ್ರೆ ನಮ್ಮ ಜನ ಅತಿ ಕಮ್ಮಿ ನೋಡೋದೂ ಇದನ್ನೇ, ಏಣಿ ಇಲ್ಲ ಇನ್ಶೂರೆನ್ಸ್ ಬಿಡಲ್ಲ ಅಂತ ಡೀಲರ್ ಹೇಳ್ತಾರೆ, ನಾವು ಹೂಂ ಅಂತೀವಿ. ಹತ್ತೋಕೆ ಬಿಡದಿದ್ರೆ ನಿಮ್ಮ ಏಣಿ ಅಂಚಿಗೆ ನಿಲ್ಲಿಸಿ ನೋಡಿ, ಅದಕ್ಕೂ ಬಿಡದಿದ್ರೆ ಫೋನನ್ನ ಸೆಲ್ಫಿ ಕೋಲಿಗೆ ಕಟ್ಟಿ ವಿಡಿಯೋ ತೆಗೀರಿ, ಅದಕ್ಕೂ ಬೇಡ ಅಂದ್ರೆ ಕಾರ್ ಹತ್ತಿ ಮನೆಗೆ ಬನ್ನಿ. ಮೇಲೆ ಓಡಾಡಬಹುದಾ ಅಂತ ಮೊದ್ಲೇ ಕೇಳಿ, ಕೆಲವು ರೂಫ್ ಮನುಷ್ಯನ ಭಾರಕ್ಕೆ ಮಾಡಿಲ್ಲ.

ಮೇಲಿನ ಹೊದಿಕೆ ಇಪಿಡಿಎಂ ರಬ್ಬರ್, ಟಿಪಿಓ ಅಥವಾ ಪಿವಿಸಿ ಇರತ್ತೆ. ಇಪಿಡಿಎಂ ವಯಸ್ಸಾದ ಹಾಗೆ ಬಿಳಿ ಪುಡಿ ಬಿಡತ್ತೆ, ಕೈ ಸವರಿದ್ರೆ ಅಂಟತ್ತೆ, ಅದು ಸಹಜ. ಬಿಳಿ ಪೂರ್ತಿ ಹೋಗಿ ಕೆಳಗಿನ ಕಪ್ಪು ಕಾಣ್ತಿದ್ರೆ ಆಯಸ್ಸು ಮುಗೀತಾ ಬಂತು. ರೂಫ್‌ಗೆ ಹತ್ತು ಹನ್ನೆರಡು ವರ್ಷ ವಾರಂಟಿ ಅಂತ ಹೇಳ್ತಾರಲ್ಲ, ಅದು ಸಾಮಾನ್ಯವಾಗಿ ಆ ಶೀಟಿಗೆ ಮಾತ್ರ. ಸೋರೋದು ಶೀಟಲ್ಲಲ್ಲ, ತೂತುಗಳಲ್ಲಿ.

ಅಂದ್ರೆ ಎಸಿ, ಫ್ಯಾನು, ಬಾತ್‌ರೂಂ ಗಾಜು, ಆಂಟೆನಾ, ಟ್ಯಾಂಕ್‌ಗಳ ಗಾಳಿ ಪೈಪು, ಸೋಲಾರ್ ಕಾಲು, ಏಣಿ ಬೋಲ್ಟು, ಮತ್ತೆ ಮುಂದೆ ಹಿಂದೆ ಅಡ್ಡ ಪಟ್ಟಿ. ಪ್ರತಿಯೊಂದರ ಸುತ್ತ ತಾನೇ ಹರಡಿ ಕೂರೋ ಸೀಲಂಟ್ ಇರತ್ತೆ, ಡೈಕಾರ್ ಅಂತ ಎಲ್ರೂ ಕರೆಯೋದು. ಎಲ್ಲಾ ಸ್ಕ್ರೂ ತಲೆಗಳೂ ಅದರೊಳಗೆ ಮುಳುಗಿರ್ಬೇಕು, ಅಂಚು ಶೀಟಿಗೆ ಕಚ್ಚಿರ್ಬೇಕು. ಉಗುರಲ್ಲಿ ಅಂಚು ಎಬ್ಬಿಸಿ ನೋಡಿ, ಎದ್ರೆ ನೀರೂ ಒಳಗೆ ಹೋಗತ್ತೆ.

ಹೊಸ ಟ್ರೇಲರಲ್ಲೂ ಒಂದು ಪಟ್ಟಿಗೆ ಸೀಲಂಟ್ ಹಾಕೋದೇ ಮರೆತಿರೋದು, ಸ್ಕ್ರೂ ಮರಕ್ಕೆ ಸಿಗದೆ ಪಕ್ಕದಲ್ಲಿ ಇಳಿದಿರೋದು ಇರತ್ತೆ. ಸೆಕೆಂಡ್ ಹ್ಯಾಂಡಲ್ಲಿ ಮನೆ ಬಾತ್‌ರೂಂಗೆ ಹಾಕೋ ಸಿಲಿಕೋನ್ ಬಳಿದಿದ್ರೆ ದೊಡ್ಡ ಎಚ್ಚರಿಕೆ, ಅದು ರಬ್ಬರ್‌ಗೆ ಸರಿಯಾಗಿ ಹಿಡಿಯಲ್ಲ, ಅದರ ಮೇಲೆ ಬೇರೇದೂ ಹಿಡಿಯಲ್ಲ, ಎಲ್ಲಾ ಕೆರೆದು ತೆಗೀಬೇಕು. ಬೇರೆಲ್ಲಾ ಹಳೇದಿದ್ದು ಒಂದೇ ಮೂಲೇಲಿ ಬೆಳ್ಳಗೆ ಹೊಸ ಸೀಲಂಟ್ ಇದ್ರೆ ಆ ಮೂಲೆ ನೆನಪಿಟ್ಕೊಂಡು ಒಳಗೆ ಅದರ ಕೆಳಗೇ ಮೀಟರ್ ಇಡಿ.

ನಡೆಯೋಕೆ ಬಿಟ್ರೆ ಅಂಚುಗಳ ಹತ್ರ, ಎಸಿ ಸುತ್ತ ನಿಧಾನಕ್ಕೆ ಕಾಲಿಟ್ಟು ನೋಡಿ. ಸ್ವಲ್ಪ ಬಳುಕೋದು ಬೇರೆ, ಸ್ಪಂಜಿನ ಮೇಲೆ ನಿಂತ ಹಾಗಾಗೋದು ಬೇರೆ. ಎಸಿ ಸುತ್ತ ಕೊಳೆ ವೃತ್ತಾಕಾರಕ್ಕೆ ಒಣಗಿದ್ರೆ ಅಲ್ಲಿ ನೀರು ನಿಲ್ಲತ್ತೆ. ಒಳ್ಳೆ ರೂಫ್ ಮಧ್ಯ ಸ್ವಲ್ಪ ಉಬ್ಬಿ ಎರಡೂ ಕಡೆ ಇಳಿಜಾರು ಇರತ್ತೆ.

ದುಡ್ಡು ಖರ್ಚು ಮಾಡೋ ಮನಸ್ಸಿದ್ರೆ ಪ್ರೆಶರ್ ಲೀಕ್ ಟೆಸ್ಟ್ ಮಾಡಿಸಿ: ಫ್ಯಾನ್ ಕಟ್ಟಿ ಒಳಗೆ ಗಾಳಿ ತುಂಬಿಸಿ ಹೊರಗೆ ಸೋಪ್ ನೀರು ಹೊಡೀತಾರೆ, ಸಂದು ಇರೋ ಕಡೆ ಗುಳ್ಳೆ ಬರತ್ತೆ. ಸೆಕೆಂಡ್ ಹ್ಯಾಂಡ್‌ಗೆ ಇದರಷ್ಟು ಒಳ್ಳೆ ಖರ್ಚು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

## 7. ಈಗ ಒಳಗೆ: ಮೂಗು, ಕಾಲು, ಮೀಟರು

ಬಾಗಿಲು ತೆಗೆದ ತಕ್ಷಣ ಉಸಿರೆಳೀರಿ. ಮುಗ್ಗಲು ವಾಸನೆ ಬಂದ್ರೆ ಎಲ್ಲೋ ತೇವ ಇದೆ. ಏರ್ ಫ್ರೆಶ್ನರ್ ಘಾಟು ಹೊಡೀತಿದ್ರೆ ಎಲ್ಲಾ ಮುಚ್ಚಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಬನ್ನಿ.

ಶೂ ಬಿಚ್ಚಿ ಸಾಕ್ಸ್‌ನಲ್ಲಿ ನಡೀರಿ, ಹಿಮ್ಮಡಿ ಊರಿ. ಬಾಗಿಲ ಒಳಗೆ, ಟಾಯ್ಲೆಟ್ ಸುತ್ತ, ಶವರ್ ಮುಂದೆ, ಸಿಂಕ್ ಕೆಳಗೆ, ಸ್ಲೈಡ್ ಔಟ್ ಅಂಚು, ಮಂಚದ ಕೆಳಗೆ ಮುಂದಿನ ಮೂಲೆಗಳು. ಫ್ಲೋರು ಓಎಸ್‌ಬಿ (ಮರದ ಚಕ್ಕೆ ಅಂಟಿಸಿ ಒತ್ತಿರೋ ಹಲಗೆ) ಹಾಕಿದಾರಾ ಪ್ಲೈವುಡ್ಡಾ ಅಂತ ಹೀಟರ್ ಗಾಳಿ ಬರೋ ಜಾಲರಿ ಎತ್ತಿದ್ರೆ ಅಂಚು ಕಾಣತ್ತೆ. ಓಎಸ್‌ಬಿ ನೀರು ಕುಡಿದ್ರೆ ಅಂಚು ಊದ್ಕೊಂಡು ಹಾಗೇ ಉಳಿಯತ್ತೆ. ಜಾಲರಿ ಎತ್ತಿದಾಗ ಒಳಗೆ ಮರದ ಹೊಟ್ಟು, ಸ್ಕ್ರೂ ಚೂರು ರಾಶಿ ಇದ್ರೆ ಫ್ಯಾಕ್ಟರೀಲಿ ಯಾರೂ ಗುಡಿಸಿಲ್ಲ, ಇಲಿ ಹಿಕ್ಕೆ ಇದ್ರೆ ವೈರ್ ಕಡಿದಿರೋ ಸಾಧ್ಯತೆ ಇದೆ.

ಮೀಟರ್ ಹಿಡಿಯೋ ಕ್ರಮ: ಮೊದ್ಲು ಖಂಡಿತ ಒಣಗಿರೋ ಒಳಗೋಡೆ ಮೇಲಿಟ್ಟು ಓದಿ, ಅದು ನಿಮ್ಮ ಬೇಸ್. ಆಮೇಲೆ ನಾಲ್ಕು ಮೂಲೆ ಮೇಲಿಂದ ಕೆಳಗೆ, ಪ್ರತಿ ಕಿಟಕಿಯ ಕೆಳ ಮೂಲೆಗಳು, ರೂಫ್ ತೂತುಗಳ ಸುತ್ತ, ಕಪಾಟುಗಳ ಒಳಗೆ. 15 ಪರ್ಸೆಂಟ್ ಒಳಗಿದ್ರೆ ಆರಾಮ, 20 ದಾಟಿದ್ರೆ ಅಲ್ಲಿ ನೀರಿದೆ ಅಂತಾನೇ ತಿಳ್ಕೊಳ್ಳಿ. ಒಂದು ತಪ್ಪು ಎಲ್ರೂ ಮಾಡ್ತಾರೆ, ಗೋಡೆ ಒಳಗೆ ಅಲ್ಯುಮಿನಿಯಂ ಟ್ಯೂಬ್ ಇರೋ ಕಡೆ ಈ ಮೀಟರ್ ಸುಮ್ನೆ ಜಾಸ್ತಿ ತೋರಿಸತ್ತೆ. ಒಂದೇ ಅಂತರದಲ್ಲಿ ನೇರ ಗೆರೆಯಾಗಿ ಜಾಸ್ತಿ ಬಂದ್ರೆ ಅದು ಫ್ರೇಮು, ಮೂಲೆಯಿಂದ ಕೆಳಗೆ ಹರಡ್ಕೊಂಡು ಬಂದ್ರೆ ನೀರು.

ಕಿಟಕಿ ಕೆಳಗಿನ ವಾಲ್‌ಪೇಪರ್ ಸುಕ್ಕು, ಸೀಲಿಂಗ್‌ನಲ್ಲಿ ಚಹಾ ಬಣ್ಣದ ಕಲೆ, ಕಪಾಟಿನ ಹಿಂದೆ ಬೂಷ್ಟು, ಇವೆಲ್ಲ ಎಲ್ರಿಗೂ ಕಾಣತ್ತೆ. ಕಾಣದ ಕಡೆ ಅಂದ್ರೆ ಮಂಚ ಎತ್ತಿ, ಡ್ರಾಯರ್ ಪೂರ್ತಿ ಹೊರಗೆಳೆದು, ಊಟದ ಸೀಟಿನ ಕೆಳಗೆ ಟಾರ್ಚ್ ಬಿಡಿ.

ಡ್ರಾಯರ್ ಎಳೆದಾಗ್ಲೇ ಮರಗೆಲಸನೂ ನೋಡ್ಬಿಡಿ. ಫ್ರೇಮನ್ನ ಸ್ಕ್ರೂ ಹಾಕಿ ಸೇರಿಸಿದಾರಾ ಬರೀ ಸ್ಟೇಪಲ್ ಹೊಡೆದಿದಾರಾ, ಒಳಗಡೆ ಮರನಾ ಸ್ಟಿಕರ್ ಅಂಟಿಸಿರೋ ಎಂಡಿಎಫ್ಫಾ. ಟಿವಿ ಕೆಳಗೆ ನಕಲಿ ಬೆಂಕಿ ಗೂಡು, ನೀಲಿ ಎಲ್‌ಇಡಿ, ಹೊರಗೆ ಸ್ಪೀಕರು, ಕಪಾಟು ಮಾತ್ರ ಸ್ಟೇಪಲ್‌ನಲ್ಲಿ ನಿಂತಿದೆ: ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಮೇಲಿನ ಕಪಾಟನ್ನ ಹಿಡಿದು ಸ್ವಲ್ಪ ಜಗ್ಗಿ ನೋಡಿ, ಹೈವೇ ಮೇಲೆ ಅದು ಇದಕ್ಕಿಂತ ಜಾಸ್ತಿ ಅಲ್ಲಾಡತ್ತೆ.

ಅಡುಗೆ ಮನೆ ವಿಷ್ಯ ನಮ್ಮವರಿಗೆ ಅಂತಾನೇ ಹೇಳ್ತೀನಿ. ಒಲೆ ಮೇಲಿನ ಹುಡ್ ನಿಜವಾಗ್ಲೂ ಹೊರಗೆ ಗಾಳಿ ಬಿಡತ್ತಾ ಅಂತ ಹೊರಗಿನ ಮುಚ್ಚಳದ ಹತ್ರ ಒಬ್ಬರನ್ನ ನಿಲ್ಲಿಸಿ ನೋಡಿ, ಮುಚ್ಚಳಕ್ಕೆ ಪ್ರಯಾಣದ ಕ್ಲಿಪ್ ಹಾಕಿದ್ರೆ ತೆಗೀರಿ. ಕೆಲವು ಹುಡ್ ಗಾಳೀನ ಫಿಲ್ಟರ್ ಮಾಡಿ ಒಳಗೇ ಬಿಡ್ತವೆ, ಅಂಥದ್ರಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಎಲ್ರೂ ಹೊರಗೆ ಓಡ್ಬೇಕು. ಕುಕ್ಕರ್ ಇಡೋಷ್ಟು ಎತ್ತರ ಒಲೆಗೂ ಹುಡ್‌ಗೂ ಮಧ್ಯ ಇದ್ಯಾ ಟೇಪ್ ಹಿಡೀರಿ, ವಿಷಲ್ ಆವಿ ನೇರ ಮೇಲಿನ ಕಪಾಟಿಗೆ ಹೊಡೆದ್ರೆ ಆ ಸ್ಟಿಕರ್ ಮರ ಬೇಗ ಸಿಪ್ಪೆ ಏಳತ್ತೆ.

## 8. ಸ್ಲೈಡ್ ಔಟ್

ಗೋಡೆಯಲ್ಲಿ ದೊಡ್ಡ ತೂತು ಕೊರೆದು ಇಟ್ಟಿರೋ ಪೆಟ್ಟಿಗೆ ಇದು, ಸೋರೋಕೆ ಕಾರಣ ಬೇಕಾ. ಎರಡು ಮೂರು ಸಲ ಪೂರ್ತಿ ಹೊರಗೆ ಒಳಗೆ ಮಾಡಿಸಿ. ಒಂದು ಕಡೆ ಮುಂದೆ ಒಂದು ಕಡೆ ಹಿಂದೆ ಬಂದ್ರೆ, ಕಿರ್ ಅಂತ ಜಗ್ಗಿದ್ರೆ, ಫ್ಲೋರ್ ಮೇಲೆ ಗೀರು ಬಿದ್ದಿದ್ರೆ ಅಲೈನ್‌ಮೆಂಟ್ ಸರಿ ಇಲ್ಲ. ಪೂರ್ತಿ ತೆಗೆದಾಗ ಒಳಗೆ ನಿಂತು ಸುತ್ತ ನೋಡಿ, ಹೊರಗಿನ ಬೆಳಕು ಕಂಡ್ರೆ ಮಳೇನೂ ಬರತ್ತೆ.

ಆಮೇಲೆ ಹೊರಗೆ ಬಂದು ಅದರ ತಳ ನೋಡಿ. ಹೊರ ಮೂಲೆಗಳಲ್ಲಿ ಕಪ್ಪು ಹೊದಿಕೆ ಹರಿದಿದ್ಯಾ, ಬೆರಳಲ್ಲಿ ಒತ್ತಿದ್ರೆ ಮರ ಮೆತ್ತಗಿದ್ಯಾ. ಸೆಕೆಂಡ್ ಹ್ಯಾಂಡಲ್ಲಿ ಸ್ಲೈಡ್ ಫ್ಲೋರ್ ಮೊದ್ಲು ಕೊಳೆಯೋದು ಈ ಎರಡು ಮೂಲೇಲೇ.

## 9. ಎಲ್ಲಾ ಓಡಿಸಿ ನೋಡೋದು

ನೀರು, ಕರೆಂಟು, ಗ್ಯಾಸು ಮೂರೂ ಕನೆಕ್ಟ್ ಮಾಡಿಸಿ ಅಂತ ಹಿಂದಿನ ದಿನವೇ ಹೇಳಿ. ಚಳಿಗಾಲಕ್ಕೆ ಆಂಟಿಫ್ರೀಜ್ ಹಾಕಿಟ್ಟಿದೀವಿ, ಈಗ ನೀರು ಬಿಡೋಕಾಗಲ್ಲ ಅಂದ್ರೆ ಸಹಿನೂ ಈಗ ಆಗಲ್ಲ ಅನ್ನಿ.

ನೀರು: ಪಂಪ್ ಆನ್ ಮಾಡಿ, ನಲ್ಲಿಗಳು ತುಂಬಿದ ಮೇಲೆ ಎಲ್ಲಾ ಮುಚ್ಚಿ ಸುಮ್ನೆ ನಿಂತ್ಕೊಳ್ಳಿ. ಪಂಪ್ ನಿಲ್ಬೇಕು. ನಿಂತು ಮತ್ತೆ ಮಧ್ಯ ಮಧ್ಯ ಟುರ್ ಅಂದ್ರೆ ಎಲ್ಲೋ ಸೋರ್ತಿದೆ. ಆಮೇಲೆ ಸಿಂಕ್ ಕೆಳಗೆ, ಟಾಯ್ಲೆಟ್ ಹಿಂದೆ, ವಾಟರ್ ಹೀಟರ್ ಹಿಂದೆ ಟಿಶ್ಯೂ ಪೇಪರ್ ಒತ್ತಿ ನೋಡಿ, ಕಣ್ಣಿಗೆ ಕಾಣದ ಹನಿ ಪೇಪರ್‌ಗೆ ಸಿಗತ್ತೆ.

ಕರೆಂಟು: ಪ್ರತಿ ಪ್ಲಗ್‌ಗೂ ಟೆಸ್ಟರ್ ಹಾಕಿ, ಜಿಎಫ್‌ಸಿಐ (ಶಾಕ್ ಹೊಡೆಯದ ಹಾಗೆ ಕರೆಂಟ್ ಕಟ್ ಮಾಡೋ ಪ್ಲಗ್) ಬಟನ್ ಒತ್ತಿ. ಹೊರಗಿನ ಕರೆಂಟ್ ಕೊಟ್ಟಾಗ ಬ್ಯಾಟರಿ ಮೇಲೆ ಮಲ್ಟಿಮೀಟರ್ 13 ವೋಲ್ಟ್‌ಗಿಂತ ಮೇಲೆ ತೋರಿಸ್ಬೇಕು, ಇಲ್ದಿದ್ರೆ ಹೊರಗಿನ ಕರೆಂಟಿಂದ ಬ್ಯಾಟರಿ ತುಂಬಿಸೋ ಕನ್ವರ್ಟರ್ ಚಾರ್ಜ್ ಮಾಡ್ತಿಲ್ಲ. 30 ಆಂಪ್ ಟ್ರೇಲರ್‌ಗೆ ಸಿಗೋದು 3,600 ವಾಟ್, ಎಸಿ ಜೊತೆ ಇಂಡಕ್ಷನ್ ಒಲೆ ಹಚ್ಚಿದ್ರೆ ಬ್ರೇಕರ್ ಹಾರಬಹುದು, ಅದು ಡಿಫೆಕ್ಟ್ ಅಲ್ಲ.

ಗ್ಯಾಸು: ಎಲ್ಲಾ ಒಲೆ ಹಚ್ಚಿ, ಹೊರಗಿನ ಜಾಯಿಂಟ್‌ಗಳಿಗೆ ಸೋಪ್ ನೀರು ಹೊಡೀರಿ. ಪೈಪಲ್ಲಿ ಗ್ಯಾಸಿನ ಒತ್ತಡ ಇಳಿಯತ್ತಾ ಅಂತ ನೋಡೋ ಪ್ರೆಶರ್ ಡ್ರಾಪ್ ಟೆಸ್ಟನ್ನ ಡೀಲರ್ ಟೆಕ್ನಿಷಿಯನ್ ನಿಮ್ಮ ಎದುರೇ ಮಾಡ್ಲಿ. ಗ್ಯಾಸ್ ಡಿಟೆಕ್ಟರ್ ಹಿಂದೆ ತಾರೀಖು ಇರತ್ತೆ, ಅವಧಿ ಮುಗಿದಿದ್ರೆ ಬದಲಾಯಿಸ್ಬೇಕು.

ಫ್ರಿಜ್ಜು: ಗ್ಯಾಸಲ್ಲೂ ಓಡೋ ಹಳೇ ಥರದ್ದು ತಣ್ಣಗಾಗೋಕೆ ಗಂಟೆಗಟ್ಟಲೆ ಬೇಕು, ಹಾಗಾಗಿ ರಾತ್ರಿನೇ ಆನ್ ಮಾಡೋಕೆ ಹೇಳಿ. ಅದರ ಹಿಂದೆ ಹಳದಿ ಪುಡಿ ಅಥವಾ ಅಮೋನಿಯಾ ವಾಸನೆ ಬಂದ್ರೆ ಕೂಲಿಂಗ್ ಯೂನಿಟ್ ಹೋಗಿದೆ. ಎಸಿ ಅರ್ಧ ಗಂಟೆ ಓಡಿದ ಮೇಲೆ ಒಳಗೆ ಎಳ್ಕೊಳ್ಳೋ ಗಾಳಿಗೂ ಹೊರಗೆ ಬಿಡೋ ಗಾಳಿಗೂ ಸುಮಾರು 20 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಬರ್ಬೇಕು. ಹೀಟರ್, ಬಿಸಿನೀರು, ಮೇಲ್ಕಟ್ಟು ಎಲ್ಲಾ ಒಂದೊಂದ್ಸಲ.

## 10. ಯಾವುದು ಚೌಕಾಸಿ, ಯಾವುದು ವಾಪಸ್ ಬರೋದು

ಕಪಾಟಿನ ಕೀಲು, ಸಡಿಲ ಟ್ರಿಮ್ಮು, ಹಳೇ ಟೈರು, ಒಂದು ಕಡೆ ಸೀಲಂಟ್ ಬಿಟ್ಟಿರೋದು, ಪ್ಲಗ್ ಕೆಲಸ ಮಾಡದಿರೋದು, ಇವೆಲ್ಲ ರಿಪೇರಿ ಮಾಡಿಸ್ಕೊಂಡೋ ಬೆಲೆ ಇಳಿಸ್ಕೊಂಡೋ ತಗೋಬಹುದು. ಹೊಸ ಟ್ರೇಲರಲ್ಲೂ ಇಂಥವು ಸಿಗ್ದೇ ಇರಲ್ಲ.

ಬಿಟ್ಕೊಂಡಿರೋ ಗೋಡೆ, ಮೆತ್ತಗಿರೋ ಫ್ಲೋರು ಅಥವಾ ರೂಫು, ಫ್ರೇಮಲ್ಲಿ ಬಿರುಕು, ಜಗ್ಗಿರೋ ಬಾಗಿಲು ಚೌಕಟ್ಟು, ಒಂದಕ್ಕಿಂತ ಹೆಚ್ಚು ಕಡೆ 20 ದಾಟಿರೋ ಮೀಟರು: ಎಷ್ಟೇ ಕಮ್ಮಿ ಮಾಡಿದ್ರೂ ಬೇಡ. ನೀವು ನೋಡಿರೋದು ಮೇಲಿನದ್ದು, ಒಳಗೆ ಎಷ್ಟಿದೆ ಅಂತ ಗೋಡೆ ಬಿಚ್ಚೋ ತನಕ ಯಾರಿಗೂ ಗೊತ್ತಾಗಲ್ಲ. ನಿಮಗೇ ಧೈರ್ಯ ಸಾಲದಿದ್ರೆ ಎನ್‌ಆರ್‌ವಿಐಎ (ಆರ್‌ವಿ ಇನ್‌ಸ್ಪೆಕ್ಟರ್‌ಗಳ ಸಂಘ) ಸರ್ಟಿಫೈಡ್ ಇನ್‌ಸ್ಪೆಕ್ಟರ್ ಸಿಗ್ತಾರೆ, ಆದ್ರೆ ಡೀಲರ್ ತೋರಿಸಿದವರನ್ನ ಬಿಟ್ಟು ನೀವೇ ಹುಡುಕಿ.

## 11. ಸಹಿ ಹಾಕೋ ದಿನ

ಅಡ್ವಾನ್ಸ್ ಕೊಡೋದಾದ್ರೆ ಇನ್‌ಸ್ಪೆಕ್ಷನ್ ಆದ್ಮೇಲೆ ಬೇಡ ಅನ್ನಿಸಿದ್ರೆ ವಾಪಸ್ ಕೊಡ್ತೀವಿ ಅಂತ ಪೇಪರಲ್ಲಿ ಬರೆಸ್ಕೊಳ್ಳಿ. ಮೇಲಿನ ಒಂಬತ್ತೂ ಹಂತ ಮುಗಿಯೋ ತನಕ ಲೋನ್ ಪೇಪರ್‌ಗೆ ಸಹಿ ಬೇಡ. ಸಹಿ ಹಾಕಿ, ಆಮೇಲೆ ಸರ್ವಿಸ್‌ನವರು ಎಲ್ಲಾ ನೋಡ್ಕೋತಾರೆ ಅನ್ನೋದು ಬಹಳ ಹಳೇ ಮಾತು. ಬೇಸಿಗೇಲಿ ಸರ್ವಿಸ್‌ಗೆ ಬಿಟ್ರೆ ವಾರಗಟ್ಟಲೆ ಅಲ್ಲೇ ನಿಂತಿರತ್ತೆ.

ಕಾರಿನ ಥರ ಲೆಮನ್ ಲಾ (ಪದೇ ಪದೇ ಕೆಡೋ ಹೊಸ ಗಾಡಿ ತಗೊಂಡೋರನ್ನ ಕಾಯೋ ಕಾನೂನು) ಕಾಪಾಡತ್ತೆ ಅನ್ಕೋಬೇಡಿ, ಬಹಳ ರಾಜ್ಯಗಳಲ್ಲಿ ಎಳ್ಕೊಂಡು ಹೋಗೋ ಟ್ರೇಲರ್‌ಗೆ ಅದು ಅನ್ವಯಿಸಲ್ಲ. ನಿಮ್ಮ ರಾಜ್ಯದ್ದು ನೋಡ್ಕೊಳ್ಳಿ. ವಾರಂಟಿ ಪೇಪರಲ್ಲಿ ಸೀಲಂಟ್ ಎಷ್ಟು ತಿಂಗಳಿಗೊಮ್ಮೆ ಚೆಕ್ ಮಾಡ್ಬೇಕು ಅಂತ ಬರೆದಿರತ್ತೆ, ಅದರ ಫೋಟೋ ದಾಖಲೆ ಇಲ್ದಿದ್ರೆ ಸೋರಿಕೆ ಕ್ಲೇಮ್ ಬಂದಾಗ ಮೇಂಟೆನೆನ್ಸ್ ಮಾಡಿಲ್ಲ ಅಂತ ಕೈ ತೊಳ್ಕೊಳ್ಳೋ ಅವಕಾಶ ಅವರಿಗೆ ಸಿಗತ್ತೆ.

ಸಿಕ್ಕ ತೊಂದ್ರೆಗಳನ್ನೆಲ್ಲ ಫೋಟೋ ಸಮೇತ ಈಮೇಲ್ ಮಾಡಿ, ಏನೇನು ಯಾವ ತಾರೀಖಿನೊಳಗೆ ಮಾಡಿಕೊಡ್ತಾರೆ ಅಂತ ಮ್ಯಾನೇಜರ್ ಸಹಿ ಇರೋ ಲಿಸ್ಟ್ ತಗೊಳ್ಳಿ. ಎಲ್ಲಾ ಮಾಡಿ ಮುಗಿಸಿದ ಮೇಲೆ ಆ ಜಾಗಗಳನ್ನ ಇನ್ನೊಂದ್ಸಲ ನೋಡಿ ಗಾಡಿ ತಗೊಳ್ಳಿ. ಮೊದಲ ರಾತ್ರಿ ಯೆಲ್ಲೋಸ್ಟೋನ್‌ಗೆ ಹೊರಡಬೇಡಿ, ಡೀಲರ್‌ಗೆ ಹತ್ರ ಇರೋ ಕರೆಂಟು ನೀರು ಎರಡೂ ಸಿಗೋ ಕ್ಯಾಂಪ್‌ಗ್ರೌಂಡ್‌ನಲ್ಲಿ ನಿಲ್ಲಿಸಿ, ಸ್ನಾನ ಅಡುಗೆ ಎಸಿ ಹೀಟರ್ ಎಲ್ಲಾ ಬಳಸಿ ಎರಡನೇ ಲಿಸ್ಟ್ ಬರೀರಿ, ಬೆಳಿಗ್ಗೆ ಸರ್ವಿಸ್ ಕೌಂಟರ್ ತೆಗೆಯೋ ಹೊತ್ತಿಗೆ ಅದನ್ನ ಹಿಡ್ಕೊಂಡು ಅಲ್ಲಿರಿ.